ಬಾಡಿದ್ದೆಲ್ಲ ಬರವಲ್ಲ: ಮೆಕ್ಕೆಜೋಳ, ಶೇಂಗಾ ಹೊಲದಲ್ಲಿ ದೋಷ ಹುಡುಕುವ ಬಗೆ

ಪುಷ್ಯ, ಆಶ್ಲೇಷ ಮಳೆ ಕೈಕೊಟ್ಟ ವರ್ಷ ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆ ಯಾವ ಹೊಲಕ್ಕೆ ಹೋದರೂ ಒಂದೇ ಮಾತು: ಬೆಳೆ ಬಾಡಿದೆ, ನೀರು ಬೇಕು. ಬಹಳ ಸಲ ಅದು ನಿಜವೇ. ಆದರೆ ನೋಡಲು ಹಾಗೆಯೇ ಬಾಡಿದ ಗಿಡದ ಬುಡ ಅಗೆದರೆ ಕೊಳೆತ ಬೇರು, ಗೊಣ್ಣೆ ಹುಳು, ಇಲ್ಲವೇ ಇಂಗದೆ ನಿಂತ ನೀರು ಸಿಗುವುದೂ ಉಂಟು. ಅಂಥ ಗಿಡಕ್ಕೆ ದುಡ್ಡು ಕೊಟ್ಟು ಟ್ಯಾಂಕರ್ ನೀರು ಹಾಯಿಸಿದರೆ ದುಡ್ಡೂ ಹೋಯಿತು, ಬೆಳೆಯೂ ಹೋಯಿತು.

ನೀರು ಕಡಿಮೆಯಾದಾಗ ಗಿಡ ಸುಮ್ಮನೆ ನಿಂತು ಒಣಗುವುದಿಲ್ಲ. ಬೇರಿನಿಂದ ಎಲೆಗೆ ಸುದ್ದಿ ಕಳಿಸುತ್ತದೆ, ಹಾರ್ಮೋನು ತಯಾರಿಸುತ್ತದೆ, ನೀರು ಆವಿಯಾಗಿ ಹೋಗುವ ಎಲೆಯ ಸಣ್ಣ ರಂಧ್ರಗಳನ್ನು (ಪತ್ರರಂಧ್ರ) ಮುಚ್ಚುತ್ತದೆ, ಕೆಲವು ಎಲೆಗಳನ್ನು ಬಿಟ್ಟುಕೊಟ್ಟು ಉಳಿದದ್ದನ್ನು ಕಾಯುತ್ತದೆ. ನಾವು ಹೊರಗೆ ಕಾಣುವ ಎಷ್ಟೋ ಲಕ್ಷಣಗಳು ಈ ಕೆಲಸದ ಗುರುತುಗಳು. ಒಳಗಿನ ಈ ಕೆಲಸ ಅರ್ಥವಾದರೆ ನೀರು ಹಾಯಿಸಬೇಕೋ, ಬಸಿಯಬೇಕೋ, ಕಾಯಬೇಕೋ, ಯಾರನ್ನಾದರೂ ಕೇಳಬೇಕೋ ಎಂಬುದನ್ನು ಹೊಲದಲ್ಲೇ ತೀರ್ಮಾನಿಸಬಹುದು.

ಬೇಕಾಗುವ ಸಾಮಾನು ಒಂದು ಸಲಿಕೆ, ಹರಿತವಾದ ಚಾಕು, ಗಾಜಿನ ಲೋಟದಲ್ಲಿ ಶುದ್ಧ ನೀರು. ಮೊದಲ ಪರೀಕ್ಷೆಗೆ ಇವೂ ಬೇಡ. ಬೆಳಗ್ಗೆ ಬಿಸಿಲೇರುವ ಮೊದಲು ಹೊಲಕ್ಕೆ ಹೋದರೆ ಸಾಕು.

ಮಧ್ಯಾಹ್ನ ಎಲೆ ಸುರುಳಿ, ಬೆಳಗ್ಗೆ ನೆಟ್ಟಗೆ

ಮೆಕ್ಕೆಜೋಳದ ಎಲೆ ಹನ್ನೆರಡರ ಬಿಸಿಲಿಗೆ ಉದ್ದಕ್ಕೂ ಸುತ್ತಿಕೊಂಡು, ಸಂಜೆ ತಂಪಾದಾಗ ಬಿಚ್ಚಿಕೊಂಡು, ಬೆಳಗ್ಗೆ ಏನೂ ಆಗದಂತೆ ನಿಂತಿದ್ದರೆ ಮಣ್ಣಿನಲ್ಲಿ ಇನ್ನೂ ನೀರಿದೆ. ಎಲೆಯ ಮೇಲ್ಭಾಗದಲ್ಲಿ ನೀರು ತುಂಬಿದ ದೊಡ್ಡ ಕೋಶಗಳ ಸಾಲುಗಳಿರುತ್ತವೆ. ಅವು ನೀರು ಕಳೆದುಕೊಂಡು ಕುಗ್ಗಿದಾಗ ಎಲೆ ಸುತ್ತಿಕೊಳ್ಳುತ್ತದೆ, ಬಿಸಿಲಿಗೆ ಒಡ್ಡಿದ ಜಾಗ ಕಡಿಮೆಯಾಗುತ್ತದೆ. ರಾತ್ರಿ ಬೇರು ಆ ಕೊರತೆ ತುಂಬಿಸುತ್ತದೆ.

ಜತೆಗೆ ಇನ್ನೊಂದು ಪರೀಕ್ಷೆ ಮಾಡಿ. ಮಧ್ಯಾಹ್ನ ಬಾಡಿದ ಗಿಡದ ಎಲೆಯನ್ನು ಅಂಗೈಯ ಹಿಂಭಾಗಕ್ಕೆ ತಾಗಿಸಿ. ಕಾಲುವೆ ಬದಿಯಲ್ಲೋ ಡ್ರಿಪ್ ಸಾಲಿನಲ್ಲೋ ಚೆನ್ನಾಗಿರುವ ಗಿಡದ ಎಲೆಯನ್ನೂ ಹಾಗೆಯೇ ಮುಟ್ಟಿ. ನೀರು ಆವಿಯಾಗುತ್ತಿರುವ ಎಲೆ ತಣ್ಣಗಿರುತ್ತದೆ. ಪತ್ರರಂಧ್ರ ಮುಚ್ಚಿದ ಎಲೆ ಬೆಚ್ಚಗಿರುತ್ತದೆ. ಆ ಬಿಸಿ ಕೈಗೆ ತಿಳಿದರೆ ಗಿಡ ಬರಕ್ಕೆ ಉತ್ತರ ಕೊಡಲು ಶುರುಮಾಡಿದೆ ಎಂದರ್ಥ.

ಆ ಉತ್ತರ ಹೇಗೆ ಹುಟ್ಟುತ್ತದೆ ಎಂಬುದು ಇಡೀ ಸಸ್ಯವಿಜ್ಞಾನದಲ್ಲೇ ನನಗೆ ಅತಿ ಇಷ್ಟದ ಭಾಗ. ಮಣ್ಣು ಒಣಗುತ್ತಿರುವುದು ಮೊದಲು ಗೊತ್ತಾಗುವುದು ಬೇರಿಗೆ. ರಂಧ್ರ ಮುಚ್ಚಬೇಕಾದದ್ದು ಎಲೆಯಲ್ಲಿ. ನಡುವಿನ ಸುದ್ದಿಗಾರರಲ್ಲಿ ಒಂದನ್ನು ಜಪಾನಿನ ವಿಜ್ಞಾನಿಗಳು 2018ರಲ್ಲಿ ಗುರುತಿಸಿದರು. ಅದು ಸಿಎಲ್‌ಇ25 ಎಂಬ ಪುಟ್ಟ ಪೆಪ್ಟೈಡ್, ಅಂದರೆ ಪ್ರೋಟೀನಿನಂಥದ್ದೇ ಚಿಕ್ಕ ತುಣುಕು. ನೀರು ಕಡಿಮೆಯಾದಾಗ ಬೇರಿನಲ್ಲಿ ಹುಟ್ಟಿ ನಾಳಗಳ ಮೂಲಕ ಎಲೆಗೇರಿ, ಅಲ್ಲಿ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ತಯಾರಿಸುವ ಕಿಣ್ವವನ್ನು ಹೆಚ್ಚಿಸುತ್ತದೆ. ಈ ಪ್ರಯೋಗ ನಡೆದದ್ದು ಅರಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಸಣ್ಣ ಗಿಡದಲ್ಲಿ. ಗಿಡಗಳ ಒಳಗಿನ ಎಷ್ಟೋ ಸಂಗತಿಗಳು ಗೊತ್ತಾದದ್ದು ಅದರಿಂದಲೇ. ಅಬ್ಸಿಸಿಕ್ ಆಮ್ಲದ ವ್ಯವಸ್ಥೆ ಮಾತ್ರ ಮೆಕ್ಕೆಜೋಳ, ಶೇಂಗಾ, ಟೊಮೆಟೊ ಎಲ್ಲದರಲ್ಲೂ ಇದೆ.

ಸಂಕ್ಷಿಪ್ತವಾಗಿ ಎಬಿಎ ಎಂದು ಕರೆಯುವ ಈ ಹಾರ್ಮೋನು 1960ರ ದಶಕದಲ್ಲಿ ಪತ್ತೆಯಾಯಿತು. ಗಿಡ ಇದನ್ನು ಹಳದಿ ಬಣ್ಣದ ಕ್ಯಾರೊಟಿನಾಯ್ಡ್‌ಗಳನ್ನು ಕತ್ತರಿಸಿ ಮಾಡಿಕೊಳ್ಳುತ್ತದೆ. ಆ ಕತ್ತರಿಸುವ ಕಿಣ್ವದ ಜೀನ್ ಮೊದಲ ಬಾರಿಗೆ ಸಿಕ್ಕಿದ್ದು 1997ರಲ್ಲಿ, ನಮ್ಮ ಮೆಕ್ಕೆಜೋಳದಲ್ಲೇ. ಆ ಜೀನ್ ಕೆಟ್ಟ ಗಿಡದಲ್ಲಿ ಕಾಳು ತೆನೆಯಲ್ಲಿರುವಾಗಲೇ ಮೊಳಕೆ ಒಡೆಯುತ್ತದೆ; ಬೀಜವನ್ನು ನಿದ್ದೆಯಲ್ಲಿಡುವುದೂ ಎಬಿಎ ಕೆಲಸವೇ ಆದ್ದರಿಂದ.

ಎಬಿಎ ಎಲೆಯಲ್ಲಿ ಹೆಚ್ಚಾದ ಮೇಲೆ ಅದನ್ನು ಹಿಡಿಯುವ ಗ್ರಾಹಕ ಪ್ರೋಟೀನ್ ಯಾವುದು ಎಂಬುದು ಬಹಳ ಕಾಲ ಗೊತ್ತಿರಲಿಲ್ಲ. 2009ರಲ್ಲಿ ಅಮೆರಿಕದ ಶಾನ್ ಕಟ್ಲರ್ ಮತ್ತು ಜರ್ಮನಿಯ ಎರ್ವಿನ್ ಗ್ರಿಲ್ ಅವರ ತಂಡಗಳು ಬೇರೆ ಬೇರೆ ದಾರಿಯಲ್ಲಿ ಹೋಗಿ ಅದನ್ನು ತೋರಿಸಿದವು. ಅರಬಿಡಾಪ್ಸಿಸ್‌ನಲ್ಲಿ ಇಂಥ 14 ಗ್ರಾಹಕ ಪ್ರೋಟೀನ್‌ಗಳಿವೆ. ಮಾಮೂಲು ದಿನಗಳಲ್ಲಿ ಪಿಪಿ2ಸಿ ಎಂಬ ಕಿಣ್ವ, ಎಸ್‌ಎನ್‌ಆರ್‌ಕೆ2 ಎಂಬ ಇನ್ನೊಂದು ಕಿಣ್ವವನ್ನು ಬ್ರೇಕ್ ಹಾಕಿದಂತೆ ಹಿಡಿದಿರುತ್ತದೆ. ಎಬಿಎ ಬಂದು ಗ್ರಾಹಕದ ಕುಳಿಯಲ್ಲಿ ಕೂತಾಗ ಗ್ರಾಹಕದ ಆಕಾರ ಬದಲಾಗಿ ಅದು ಪಿಪಿ2ಸಿಯನ್ನು ಕಟ್ಟಿಹಾಕುತ್ತದೆ. ಬ್ರೇಕ್ ಸಡಿಲವಾಯಿತು. ಎಸ್‌ಎನ್‌ಆರ್‌ಕೆ2 ಚುರುಕಾಗಿ, ಪತ್ರರಂಧ್ರದ ಎರಡೂ ಬದಿಯ ಕಾವಲು ಕೋಶಗಳ ಪೊರೆಯಲ್ಲಿರುವ ಎಸ್‌ಎಲ್‌ಎಸಿ1 ಎಂಬ ಕಾಲುವೆಯನ್ನು ತೆರೆಯುತ್ತದೆ. ಕ್ಲೋರೈಡ್, ನೈಟ್ರೇಟ್‌ನಂಥ ಋಣ ಅಯಾನುಗಳು ಹೊರಹೋಗುತ್ತವೆ, ಪೊರೆಯ ವಿದ್ಯುತ್ ಸ್ಥಿತಿ ಬದಲಾಗುತ್ತದೆ, ಪೊಟ್ಯಾಸಿಯಂ ಹೊರಡುತ್ತದೆ, ಅದರ ಹಿಂದೆ ನೀರೂ ಹೊರಡುತ್ತದೆ. ಕಾವಲು ಕೋಶಗಳು ಸೊರಗಿ ರಂಧ್ರ ಮುಚ್ಚಿಕೊಳ್ಳುತ್ತದೆ. ಎಬಿಎ ತಲುಪಿದ ಕೆಲವೇ ನಿಮಿಷಗಳಲ್ಲಿ ಇದು ಶುರುವಾಗುತ್ತದೆ.

ರಂಧ್ರ ಮುಚ್ಚಿದರೆ ನೀರು ಉಳಿಯುತ್ತದೆ. ಆದರೆ ಅದೇ ಬಾಗಿಲಲ್ಲಿ ಒಳಬರಬೇಕಾದ ಇಂಗಾಲದ ಡೈಆಕ್ಸೈಡ್ ಕೂಡ ನಿಲ್ಲುತ್ತದೆ, ಸಕ್ಕರೆ ತಯಾರಿಕೆ ಕುಸಿಯುತ್ತದೆ. ಹಾಗಾಗಿ ಎಷ್ಟು ಗಂಟೆ ಸುರುಳಿಯಾಗಿರುತ್ತದೆ ಎಂಬುದೇ ಅಳತೆ. ಸುರುಳಿ ಹನ್ನೆರಡರ ಸುಮಾರಿಗೆ ಶುರುವಾಗಿ ನಾಲ್ಕಕ್ಕೆ ಬಿಡುತ್ತಿದ್ದರೆ, ಪೈರು ಇನ್ನೂ ಮೊಣಕಾಲೆತ್ತರವಿದ್ದರೆ, ಆತುರ ಬೇಡ. ಈ ಹಂತದ ಹದವಾದ ಕೊರತೆಯಲ್ಲಿ ಎಬಿಎ ಬೇರಿನ ಬೆಳವಣಿಗೆ ನಿಲ್ಲದಂತೆ ಕಾಯುತ್ತದೆ. ಮೇಲಿನ ಭಾಗ ಕುಂಠಿತವಾದರೂ ಬೇರು ಕೆಳಗಿಳಿಯುತ್ತದೆ. ಮೇಲ್ಮಣ್ಣು ಮುರಿಯುವಷ್ಟೇ ಆಳಕ್ಕೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚಿ, ಕಳೆ ತೆಗೆಯಿರಿ. ಆಳಕ್ಕೆ ಹೊಡೆದರೆ ಗಿಡ ಕಷ್ಟಪಟ್ಟು ಬೆಳೆಸಿದ ಬೇರನ್ನು ನಾವೇ ಕತ್ತರಿಸಿದಂತಾಗುತ್ತದೆ. ಸುರುಳಿ ದಿನದಿನಕ್ಕೂ ಬೇಗ ಶುರುವಾಗಿ ಒಂಬತ್ತು ಗಂಟೆಗೇ ಕಾಣತೊಡಗಿದರೆ ಮುಂದಿನ ಭಾಗಕ್ಕೆ ಹೋಗಿ.

ಬೆಳಗ್ಗೆಯೂ ಬಾಡಿದೆ, ಮಣ್ಣು ಒಣಗಿದೆ

ಈಗ ಸಲಿಕೆ ಬೇಕು. ಗಿಡದಿಂದ ಒಂದು ಗೇಣು ದೂರದಲ್ಲಿ, ಒಂದು ಗೇಣು ಆಳ ಅಗೆದು ಮಣ್ಣು ತೆಗೆದು ಅಂಗೈಯಲ್ಲಿ ಹಿಸುಕಿ. ಕೆಂಪು ಮಸಾರಿ ಮಣ್ಣು ಉಂಡೆಯಾಗದೆ ಪುಡಿಪುಡಿ ಉದುರಿದರೆ ನೀರು ಮುಗಿದಿದೆ. ಎರೆ ಮಣ್ಣಿನಲ್ಲಿ ಮಾತ್ರ ಈ ಪರೀಕ್ಷೆ ಮೋಸ ಮಾಡುತ್ತದೆ. ಎರೆ ಮಣ್ಣಿನ ಜೇಡಿ ಕಣಗಳು ನೀರನ್ನು ಬಿಗಿಯಾಗಿ ಹಿಡಿದಿರುತ್ತವೆ. ಕೈಗೆ ತೇವ ತಾಗುತ್ತದೆ, ಉಂಡೆಯೂ ಆಗುತ್ತದೆ, ಬೇರಿಗೆ ಮಾತ್ರ ಎಳೆಯಲಾಗುವುದಿಲ್ಲ. ಬಹುಪಾಲು ಬೆಳೆಗಳಿಗೆ ಆ ಮಿತಿ ಸುಮಾರು 15 ವಾಯುಭಾರದಷ್ಟು ಎಳೆತ. ಅದರಾಚೆ ಮಣ್ಣಿನಲ್ಲಿ ನೀರಿದ್ದರೂ ಗಿಡದ ಪಾಲಿಗೆ ಇಲ್ಲ. ಆದ್ದರಿಂದ ಎರೆ ಹೊಲದಲ್ಲಿ ಬೆರಳಗಲದ ಬಿರುಕು ಬಿಟ್ಟು, ಬೆಳಗ್ಗೆಯೂ ಎಲೆ ಬಿಚ್ಚದಿದ್ದರೆ, ಉಂಡೆ ಏನೇ ಹೇಳಲಿ, ಒಣ ಎಂದೇ ಲೆಕ್ಕ ಹಿಡಿಯಿರಿ. ಮಸಾರಿ ಹಾಗಲ್ಲ. ಇದ್ದ ನೀರನ್ನು ಸುಲಭವಾಗಿ ಕೊಟ್ಟು ತಟ್ಟನೆ ಬರಿದಾಗುತ್ತದೆ. ಹಾಗಾಗಿ ಮಸಾರಿಯಲ್ಲಿ ಚೆನ್ನಾಗಿದ್ದ ಪೈರು ನಾಲ್ಕೈದು ದಿನದಲ್ಲೇ ಕುಸಿದಂತೆ ಕಾಣುತ್ತದೆ. ಅಲ್ಲಿ ರೋಗದ ಅನುಮಾನ ಪಡುವ ಮೊದಲು ಮಣ್ಣು ನೋಡಿ.

ಈ ಹಂತದಲ್ಲಿ ಗಿಡ ರಂಧ್ರ ಮುಚ್ಚಿ ಸುಮ್ಮನಾಗಿಲ್ಲ. ಎಸ್‌ಎನ್‌ಆರ್‌ಕೆ2 ಕೋಶದ ಕೇಂದ್ರದಲ್ಲೂ ಕೆಲಸ ಮಾಡಿ ನೂರಾರು ಜೀನ್‌ಗಳನ್ನು ಎಬ್ಬಿಸುತ್ತದೆ. ಡಿಆರ್‌ಇಬಿ2ಎ ಎಂಬ ಇನ್ನೊಂದು ಪ್ರೋಟೀನ್ ಬಹುಮಟ್ಟಿಗೆ ಎಬಿಎ ನೆರವಿಲ್ಲದೆ ಬೇರೆ ಗುಂಪಿನ ಜೀನ್‌ಗಳನ್ನು ಎಬ್ಬಿಸುತ್ತದೆ. ಪ್ರೋಲಿನ್ ಎಂಬ ಅಮೈನೋ ಆಮ್ಲ ಮತ್ತು ಕೆಲವು ಸಕ್ಕರೆಗಳು ಕೋಶದಲ್ಲಿ ತುಂಬಿಕೊಂಡು ನೀರನ್ನು ಒಳಗೇ ಹಿಡಿಯುತ್ತವೆ. ಒಣ ಬೀಜದಲ್ಲಿ ಹೇರಳವಾಗಿರುವ ಎಲ್‌ಇಎ ಪ್ರೋಟೀನ್‌ಗಳು ಎಲೆಯಲ್ಲೂ ತಯಾರಾಗಿ, ನೀರು ಹೋದ ಜಾಗದಲ್ಲಿ ಪೊರೆ ಮತ್ತು ಕಿಣ್ವಗಳು ಮುದ್ದೆಗಟ್ಟದಂತೆ ಕಾಯುತ್ತವೆ. ಇವೆಲ್ಲಕ್ಕೂ ಸಕ್ಕರೆ, ಸಾರಜನಕ ಖರ್ಚಾಗುತ್ತದೆ. ಬದುಕಿ ಉಳಿಯುವ ಗಿಡ ಇಳುವರಿ ಕಡಿಮೆ ಕೊಡುವುದಕ್ಕೆ ಇದೂ ಒಂದು ಕಾರಣ.

ಕೃಷಿ ಹೊಂಡದಲ್ಲೋ ಬೋರಿನಲ್ಲೋ ಸ್ವಲ್ಪವೇ ನೀರಿದ್ದರೆ ಸಾಲು ಬಿಟ್ಟು ಸಾಲಿಗೆ ಹಾಯಿಸಿ, ಮುಂದಿನ ಸಲ ಬಿಟ್ಟ ಸಾಲಿಗೆ ಕೊಡಿ. ಇದು ಬರೀ ನೀರು ಉಳಿಸುವ ಉಪಾಯವಲ್ಲ. ಗಿಡದ ಅರ್ಧ ಬೇರು ತೇವದಲ್ಲಿದ್ದು ನೀರು ಕೊಡುತ್ತದೆ, ಇನ್ನರ್ಧ ಒಣಮಣ್ಣಿನಲ್ಲಿದ್ದು ಬರದ ಸುದ್ದಿ ಕಳಿಸುತ್ತಲೇ ಇರುತ್ತದೆ. ಎಲೆ ಪೂರ್ತಿ ಬಾಡುವುದೂ ಇಲ್ಲ, ರಂಧ್ರ ಪೂರ್ತಿ ತೆರೆದು ನೀರು ಪೋಲು ಮಾಡುವುದೂ ಇಲ್ಲ. ಸಂಜೆ ಇಲ್ಲವೇ ಬೆಳಗಿನ ಜಾವ ಹಾಯಿಸಿ. ರಾತ್ರಿ ಮೋಟಾರ್ ಹಾಕಲು ಹೋಗುವವರು ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಬೇಡಿ, ಬರಿಗಾಲಲ್ಲಿ ಹೋಗಬೇಡಿ. ಹೊಂಡದ ಸುತ್ತ ಬೇಲಿ ಇರಲಿ, ಒಳಗಿನಿಂದ ಹತ್ತಲು ಒಂದು ಹಗ್ಗ ಕಟ್ಟಿರಲಿ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಜಾರಿ ಬಿದ್ದವರಿಗೆ ಈಜು ಬಂದರೂ ಹತ್ತಿ ಬರಲಾಗುವುದಿಲ್ಲ.

ಒಣಮಣ್ಣಿಗೆ ಯೂರಿಯಾ ಮೇಲುಗೊಬ್ಬರ ಹಾಕಬೇಡಿ. ಬೇರಿನ ಸುತ್ತ ಲವಣ ಹೆಚ್ಚಿ ಎಳೆತ ಇನ್ನೂ ಕಷ್ಟವಾಗುತ್ತದೆ. ಬಾಡಿರುವ ಎಲೆಯ ಮೇಲೆ ಮಟಮಟ ಮಧ್ಯಾಹ್ನ ಯಾವುದನ್ನೂ ಸಿಂಪಡಿಸಬೇಡಿ. ಬರ ತಡೆಯುವ ಔಷಧ ಎಂದು ಚೀಟಿಯಲ್ಲಿ ಪದಾರ್ಥದ ಹೆಸರೇ ಇಲ್ಲದ ಬಾಟಲಿ ಮಾರಲು ಬಂದರೆ ಕೊಳ್ಳಬೇಡಿ.

ಮಣ್ಣು ಒದ್ದೆ, ಆದರೂ ಗಿಡ ಬಾಡಿದೆ

ಈ ಭಾಗವನ್ನು ನಿಧಾನವಾಗಿ ಓದಿ. ನೀರು ಹಾಯಿಸಿ ಬೆಳೆ ಕೆಡಿಸುವುದು ಹೆಚ್ಚಾಗಿ ಇಲ್ಲೇ.

ಮೊದಲು ಹೊಲವನ್ನು ದೂರದಿಂದ ನೋಡಿ. ನೀರಿನ ಕೊರತೆ ಮಣ್ಣಿನ ಹದ ನೋಡಿಕೊಂಡು ಹರಡುತ್ತದೆ: ದಿಬ್ಬದಲ್ಲಿ, ಕಲ್ಲುಮರಡಿಯಲ್ಲಿ ಮೊದಲು, ತಗ್ಗಿನಲ್ಲಿ ಕೊನೆಗೆ. ತಗ್ಗಿನ ಗಿಡಗಳೇ ಮೊದಲು ಬಾಡಿದ್ದರೆ ನಿಂತ ನೀರನ್ನು ಅನುಮಾನಿಸಿ. ಒಂದು ಸಾಲಿನಲ್ಲಿ ಎರಡು ಗಿಡ ಸತ್ತು ಪಕ್ಕದ ಮೂರು ಹಸುರಾಗಿದ್ದರೆ ಹುಳವನ್ನೋ ರೋಗವನ್ನೋ ಅನುಮಾನಿಸಿ.

ನೀರು ನಿಂತಲ್ಲಿ ಗಿಡ ಬಾಡುವುದು ವಿಚಿತ್ರವಾಗಿ ಕಾಣುತ್ತದೆ. ಹರಿಹರ, ದಾವಣಗೆರೆ ಕಡೆ ಭದ್ರಾ ಕಾಲುವೆ ಕೊನೆಯ ತಗ್ಗು ಜಮೀನುಗಳಲ್ಲಿ ಇದನ್ನು ನೋಡಬಹುದು. ಬೇರಿನ ಕೋಶಗಳ ಪೊರೆಯಲ್ಲಿ ಅಕ್ವಾಪೋರಿನ್ ಎಂಬ ನೀರಿನ ದಾರಿಗಳಿವೆ. ಮಣ್ಣಿನಲ್ಲಿ ಗಾಳಿ ಇಲ್ಲದಾಗ ಬೇರಿಗೆ ಆಮ್ಲಜನಕ ಸಿಗದೆ ಕೋಶರಸ ಆಮ್ಲೀಯವಾಗುತ್ತದೆ. ಆ ಆಮ್ಲೀಯತೆಗೆ ಈ ದಾರಿಗಳು ಮುಚ್ಚಿಕೊಳ್ಳುತ್ತವೆ ಎಂದು 2003ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಸುತ್ತ ನೀರು, ಒಳಗೆ ಬರ. ಬೇರು ಕಿತ್ತು ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದು, ಬೇರು ಕಂದಾಗಿ, ಎಳೆದರೆ ಸಿಪ್ಪೆ ಜಾರಿ ಬಂದರೆ ಬಸಿಗಾಲುವೆ ತೆಗೆಯುವುದೇ ಮದ್ದು. ನೀರು ಪೂರ್ತಿ ನಿಲ್ಲಿಸಿ.

ವಾಸನೆ ಇಲ್ಲದಿದ್ದರೆ ಬೇರನ್ನೇ ಇನ್ನಷ್ಟು ನೋಡಿ. ಬೇರೇ ಇಲ್ಲದೆ ಗಿಡ ಹಗುರವಾಗಿ ಕಿತ್ತುಬಂದು, ಬುಡದ ಮಣ್ಣಿನಲ್ಲಿ ಬಾಗಿಕೊಂಡು ಮಲಗಿದ ಬಿಳಿ ಹುಳು ಸಿಕ್ಕರೆ ಅದು ಗೊಣ್ಣೆ ಹುಳು. ಶೇಂಗಾ ಗಿಡದ ಬುಡದಲ್ಲಿ ಬಿಳಿ ಬೂಸ್ಟು, ಅದರೊಳಗೆ ಸಾಸಿವೆ ಗಾತ್ರದ ಕಂದು ಗುಂಡುಗಳಿದ್ದರೆ ಬುಡ ಕೊಳೆ ರೋಗ. ಬೇರಿನಲ್ಲಿ ಗಂಟುಗಳಿದ್ದರೆ ಎರಡು ಸಾಧ್ಯತೆ. ಬೆರಳಲ್ಲಿ ಉಜ್ಜಿದರೆ ಕಳಚಿ ಬಂದು, ಒಡೆದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಅವು ಸಾರಜನಕ ಕಟ್ಟುವ ಒಳ್ಳೆಯ ಗಂಟುಗಳು, ಬಿಡಿ. ಬೇರೇ ಊದಿಕೊಂಡಂತಿದ್ದು ಕಳಚದಿದ್ದರೆ ಜಂತುಹುಳು.

ಟೊಮೆಟೊ, ಬದನೆಗೆ ಲೋಟದ ಪರೀಕ್ಷೆ. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ತುದಿಯನ್ನು ಲೋಟದ ನೀರಿಗೆ ಮುಟ್ಟಿಸಿ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷದೊಳಗೆ ಹಾಲಿನ ಬಣ್ಣದ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾದಿಂದ ಬಂದ ಸೊರಗು ರೋಗ. ನೀರೇರುವ ನಾಳವೇ ಕಟ್ಟಿಕೊಂಡಿದೆ. ಹಾಯಿಸಿದ ನೀರು ರೋಗವನ್ನು ಮುಂದಿನ ಸಾಲಿಗೆ ಒಯ್ಯುತ್ತದೆ, ಅಷ್ಟೇ. ಹಿರಿಯೂರು, ಹೊಸದುರ್ಗ ಕಡೆ ದಾಳಿಂಬೆ ತೋಟದಲ್ಲಿ ಒಂದು ಕೊಂಬೆಯಿಂದ ಶುರುವಾಗಿ ಗಿಡವೆಲ್ಲ ಸೊರಗಿದರೆ ಬುಡವನ್ನು ಅಡ್ಡ ಕೊಯ್ದು ನೋಡಿ. ಕಟ್ಟಿಗೆಯಲ್ಲಿ ಕಂದು ಅಥವಾ ಬೂದು ಪಟ್ಟೆಗಳಿದ್ದರೆ ಅದೂ ನಾಳದ ರೋಗ. ಆ ಚಾಕುವನ್ನು ತೊಳೆದು ಬೆಂಕಿಗೆ ಹಿಡಿಯದೆ ಇನ್ನೊಂದು ಗಿಡಕ್ಕೆ ತಾಗಿಸಬೇಡಿ. ಮೆಕ್ಕೆಜೋಳ ಹೂವಾದ ಮೇಲೆ ಇದ್ದಕ್ಕಿದ್ದಂತೆ ಒಣಗಿದರೆ ಕಾಂಡ ಸೀಳಿ. ಒಳಗೆ ಮಸಿ ಉದುರಿಸಿದಂತೆ ಕಪ್ಪು ಚುಕ್ಕೆಗಳಿದ್ದರೆ ಕಪ್ಪು ಕಾಂಡ ಕೊಳೆ. ಬರ ಮತ್ತು ಬಿಸಿಲು ಇದಕ್ಕೆ ದಾರಿ ಮಾಡಿಕೊಡುತ್ತವೆ, ಆದರೆ ಕಾಂಡ ಕಪ್ಪಾದ ಮೇಲೆ ನೀರಿನಿಂದ ಗಿಡ ಎದ್ದೇಳುವುದಿಲ್ಲ.

ಇವು ಯಾವುವೂ ಅಲ್ಲದೆ ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅದು ಉಪ್ಪು. ಗಿಡ ನೀರನ್ನು ನೇರವಾಗಿ ಅಳೆಯುವುದಿಲ್ಲ; ನೀರನ್ನು ಹಿಡಿದೆಳೆಯುವ ಒತ್ತಡದ ಬದಲಾವಣೆಯನ್ನು ಗ್ರಹಿಸುತ್ತದೆ. 2014ರಲ್ಲಿ ವಿವರಿಸಲಾದ ಓಎಸ್‌ಸಿಎ1 ಎಂಬ ಪೊರೆಯ ಪ್ರೋಟೀನ್, ಹೊರಗಿನ ದ್ರಾವಣ ಗಾಢವಾದಾಗ ಕ್ಯಾಲ್ಸಿಯಂ ಅನ್ನು ಕೋಶದೊಳಗೆ ಬಿಟ್ಟು ಎಚ್ಚರಿಕೆ ಹುಟ್ಟಿಸುತ್ತದೆ. ದ್ರಾವಣ ಗಾಢವಾಗಲು ನೀರು ಕಡಿಮೆಯಾದರೂ ಆಯಿತು, ಉಪ್ಪು ಹೆಚ್ಚಿದರೂ ಆಯಿತು. ಆದ್ದರಿಂದಲೇ ಉಪ್ಪಿನ ಹೊಲದ ಪೈರು ಮೊದಲ ದಿನಗಳಲ್ಲಿ ಬರ ಬಿದ್ದ ಪೈರಿನಂತೆಯೇ ಕಾಣುತ್ತದೆ. ಆಮೇಲೆ ಸೋಡಿಯಂ ಸೇರಿಕೊಂಡು ಹಳೆಯ ಎಲೆಗಳ ಅಂಚು ಸುಟ್ಟಂತಾಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ. ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದ್ದರೆ ಲವಣ ಭೂಮಿ. ಬೋರಿನ ನೀರನ್ನೂ ಪರೀಕ್ಷೆಗೆ ಕೊಡಿ, ಉಪ್ಪು ಅಲ್ಲಿಂದಲೇ ಬರುತ್ತಿರಬಹುದು.

ಕೆಳಗಿನ ಎಲೆ ಹಳದಿ

ಮೆಕ್ಕೆಜೋಳದ ಕೆಳಗಿನ ಎಲೆಯ ತುದಿಯಿಂದ ನಡುನರದ ಗುಂಟ ಈಟಿ ಮೊನೆಯ ಆಕಾರದಲ್ಲಿ ಹಳದಿ ಒಳಸರಿದರೆ ಸಾರಜನಕದ ಕೊರತೆ. ಅಂಚಿನಿಂದ ಒಳಗೆ ಸುಟ್ಟಂತೆ ಬಂದರೆ ಪೊಟ್ಯಾಷ್ ಕೊರತೆ. ಎಲೆ ಪೂರ್ತಿ ಮಾಸಿ ಒಣಗುತ್ತಾ ಬಂದರೆ ಬರ. ಎಬಿಎ ಹಳೆಯ ಎಲೆಗಳನ್ನು ಬೇಗ ಮುದಿಯಾಗಿಸಿ, ಅಲ್ಲಿದ್ದ ಸಾರವನ್ನು ಮೇಲಿನ ಎಲೆಗೂ ತೆನೆಗೂ ಸಾಗಿಸುತ್ತದೆ. ಗೊಬ್ಬರದ ಕೊರತೆ ಕಂಡರೂ ಮಣ್ಣು ಹದವಾಗುವ ತನಕ ಗೊಬ್ಬರ ಹಾಕಬೇಡಿ. ನೀರಿಲ್ಲದೆ ಬೇರು ಅದನ್ನು ತೆಗೆದುಕೊಳ್ಳುವುದಿಲ್ಲ.

ಸೂಲಂಗಿ ಬಂತು, ತೆನೆಯ ರೇಷ್ಮೆ ಎಳೆ ಬಂದಿಲ್ಲ

ದಾವಣಗೆರೆ ಜಿಲ್ಲೆಯ ಮೆಕ್ಕೆಜೋಳಕ್ಕೆ ಇಡೀ ಬದುಕಿನಲ್ಲಿ ಅತಿ ಸೂಕ್ಷ್ಮವಾದ ದಿನಗಳು ಇವು. ಸೂಲಂಗಿ (ತುದಿಯ ಗಂಡು ಹೂಗೊಂಚಲು) ಹೊರಬಂದು ಪರಾಗದ ಹುಡಿ ಉದುರಿಸುವ ಕಾಲಕ್ಕೆ ರೇಷ್ಮೆ ಎಳೆಯೂ ಹೊರಗಿರಬೇಕು. ಎಳೆ ಉದ್ದವಾಗುವುದು ಕೋಶಗಳು ನೀರು ತುಂಬಿಕೊಂಡು ಹಿಗ್ಗುವುದರಿಂದ. ನೀರು ಕಡಿಮೆಯಾದರೆ ಮೊದಲು ನಿಲ್ಲುವುದು ಅದೇ. ಹುಡಿ ತನ್ನ ಹೊತ್ತಿಗೆ ಉದುರಿ ಮುಗಿಯುತ್ತದೆ, ಎಳೆ ತಡವಾಗಿ ಬರುತ್ತದೆ, ಕಾಳು ಕಟ್ಟುವುದಿಲ್ಲ. ಹುಡಿ ಸಿಕ್ಕರೂ ಇನ್ನೊಂದು ಕಂಟಕವಿದೆ. ಎಲೆಯಲ್ಲಿ ಸಕ್ಕರೆ ತಯಾರಾಗದೆ, ಆ ಸಕ್ಕರೆಯನ್ನು ಒಡೆದು ಎಳೆಯ ಕಾಳಿಗೆ ಉಣಿಸುವ ಇನ್ವರ್ಟೇಸ್ ಕಿಣ್ವವೂ ಕುಂದಿ, ತುದಿಯ ಕಾಳುಗಳು ಕಮರುತ್ತವೆ.

ಎಷ್ಟು ಕೆಟ್ಟಿದೆ ಎಂದು ನೋಡಲು ಸುಲಭ ಪರೀಕ್ಷೆಯೊಂದಿದೆ. ಎಳೆ ಹೊರಬಂದು ವಾರ ಕಳೆದ ತೆನೆಯೊಂದನ್ನು ಕಿತ್ತು, ಎಳೆ ಹರಿಯದಂತೆ ರವದಿ ಬಿಡಿಸಿ, ತೆನೆಯನ್ನು ತಲೆಕೆಳಗೆ ಹಿಡಿದು ಮೆಲ್ಲಗೆ ಅಲುಗಾಡಿಸಿ. ಹುಡಿ ಸೇರಿ ಕಾಳು ಕಟ್ಟಿದ ಕಡೆ ಎಳೆ ಕಳಚಿ ಬೀಳುತ್ತದೆ. ಕಟ್ಟದ ಕಡೆ ಅಂಟಿಕೊಂಡೇ ಇರುತ್ತದೆ. ಹೊಲದ ಬೇರೆ ಬೇರೆ ಕಡೆಯ ಹತ್ತು ತೆನೆ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಬಹುಪಾಲು ಎಳೆ ಬಿದ್ದಿದ್ದರೆ ಇರುವ ನೀರನ್ನು ಈ ಹೊಲಕ್ಕೇ ಕೊಡಿ. ಅರ್ಧಕ್ಕೂ ಹೆಚ್ಚು ಅಂಟಿಕೊಂಡಿದ್ದರೆ ಆ ನೀರು ಇನ್ನೊಂದು ಹೊಲಕ್ಕೆ ಹೆಚ್ಚು ಲಾಭ ಕೊಡಬಹುದು. ಇದನ್ನು ಮೇವಿಗೆ ಕೊಯ್ಯುವ ಬಗ್ಗೆ ಯೋಚಿಸಿ, ಆದರೆ ಕೆಳಗಿನ ಮೇವಿನ ಎಚ್ಚರಿಕೆ ಓದಿಕೊಂಡು. ಈ ಲೆಕ್ಕ ಮಾಡುವಾಗ ಮನಸ್ಸಿಗೆ ಕಷ್ಟವಾಗುತ್ತದೆ. ಆದರೂ ಒಂದೇ ಹೊಂಡದ ನೀರು ಎರಡು ಹೊಲಕ್ಕೆ ಸಾಲದಿದ್ದಾಗ ಇದನ್ನು ಮಾಡಲೇಬೇಕು.

ಶೇಂಗಾ ಎಲೆ ಮಡಚಿದೆ, ಕಾಯಿ ಜೊಳ್ಳು

ಶೇಂಗಾ ಎಲೆಗಳು ಬಿಸಿಲಲ್ಲಿ ಜೋಡಿಜೋಡಿಯಾಗಿ ಮಡಚಿಕೊಂಡು ಅಂಚನ್ನಷ್ಟೇ ಸೂರ್ಯನಿಗೆ ತೋರಿಸುತ್ತವೆ. ಮಧ್ಯಾಹ್ನ ಮಡಚಿದ್ದು ಹೆದರುವಂಥದ್ದಲ್ಲ. ಶೇಂಗಾ ಬರಕ್ಕೆ ಒಗ್ಗಿದ ಬೆಳೆ, ಒಣಹವೆಯಲ್ಲಿ ಹೂವನ್ನು ತಡೆದು ಮಳೆ ಬಂದ ಮೇಲೆ ಮತ್ತೆ ಬಿಡಬಲ್ಲದು. ಹೆದರಬೇಕಾದ್ದು ಹೂವಿನ ಬುಡದಿಂದ ಇಳಿಯುವ ಸೂಜಿ ಮಣ್ಣು ಹೊಗದಿದ್ದಾಗ. ಗಿಡದ ಕೊಂಬೆ ಎತ್ತಿ ನೋಡಿ. ಸೂಜಿಗಳು ಮಣ್ಣಿನ ಮೇಲೆಯೇ ಒಣಗಿ ಮೊನೆ ಕಪ್ಪಾಗಿದ್ದರೆ ಮೇಲ್ಮಣ್ಣು ಗಟ್ಟಿಯಾಗಿದೆ. ಒಂದು ಹಗುರ ನೀರು, ಸ್ಪ್ರಿಂಕ್ಲರ್ ಇದ್ದರೆ ಕೆಲವು ಗಂಟೆ, ಇಲ್ಲಿ ಬಹಳ ಕೆಲಸ ಮಾಡುತ್ತದೆ. ಬಲಿಯುವ ಕಾಯಿ ಕ್ಯಾಲ್ಸಿಯಂ ಅನ್ನು ಬೇರಿನಿಂದಲ್ಲ, ಸುತ್ತಲಿನ ಮಣ್ಣಿನಿಂದ ತನ್ನ ಸಿಪ್ಪೆಯ ಮೂಲಕವೇ ಹೀರುತ್ತದೆ. ಆ ಮಣ್ಣು ಒಣಗಿದ್ದರೆ ಜಿಪ್ಸಂ ಹಾಕಿದ್ದರೂ ಕಾಯಿ ಜೊಳ್ಳು.

ಕೊನೆಯ ನಾಲ್ಕಾರು ವಾರದ ಬರದಲ್ಲಿ ಕಣ್ಣಿಗೆ ಕಾಣದ ಅಪಾಯವಿದೆ. ನೀರಿರುವ ಎಳೆಕಾಳು ಬೂಸ್ಟು ತಾಗಿದಾಗ ತನ್ನದೇ ಕಾಪು ರಾಸಾಯನಿಕಗಳನ್ನು ತಯಾರಿಸುತ್ತದೆ. ಕಾಳಿನ ತೇವ ಇಳಿದಂತೆ ಆ ಶಕ್ತಿ ಹೋಗುತ್ತದೆ. ಮಣ್ಣು ಬಿಸಿಯಾಗಿರುವ ಅದೇ ಹೊತ್ತಿಗೆ ಆಸ್ಪರ್ಜಿಲಸ್ ಬೂಸ್ಟು ಒಳಸೇರಿ ಅಫ್ಲಾಟಾಕ್ಸಿನ್ ಎಂಬ ವಿಷ ತುಂಬುತ್ತದೆ. ಇದು ಯಕೃತ್ತಿಗೆ ಮಾರಕ, ಕ್ಯಾನ್ಸರಿಗೂ ಕಾರಣ. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಬೂಸ್ಟಿನ, ಸುಕ್ಕುಗಟ್ಟಿದ, ಹುಳು ಕೊರೆದ, ಕಿತ್ತಾಗ ಸಿಪ್ಪೆ ಒಡೆದಿದ್ದ ಕಾಯಿಗಳನ್ನು ಬೇರೆ ಮಾಡಿ, ತಿನ್ನಬೇಡಿ, ದನಕ್ಕೂ ಹಾಕಬೇಡಿ. ಅಂಥ ಕಾಳಿನ ಹಿಂಡಿ ತಿಂದ ಎಮ್ಮೆ, ಆಕಳ ಹಾಲಿಗೂ ಆ ವಿಷ ಇಳಿಯುತ್ತದೆ, ಆ ಹಾಲು ಕುಡಿಯುವುದು ಮನೆಯ ಮಕ್ಕಳು.

ಬಾಡಿದ ಬೆಳೆಗೆ ದನ ಬಿಡುವ ಮುನ್ನ

ಬರಕ್ಕೆ ಸಿಕ್ಕಿ ಕುಗ್ಗಿದ ಎಳೆ ಜೋಳ ಮತ್ತು ಕೊಯ್ದ ಮೇಲೆ ಚಿಗುರಿದ ಕೂಳೆ ಜೋಳ ದನಗಳನ್ನು ನಿಮಿಷಗಳಲ್ಲಿ ಕೊಲ್ಲಬಲ್ಲವು. ಜೋಳದ ಕೋಶದಲ್ಲಿ ಧುರಿನ್ ಎಂಬ ಪದಾರ್ಥವಿದೆ. ಅದನ್ನು ಒಡೆಯುವ ಕಿಣ್ವ ಬೇರೆ ಜಾಗದಲ್ಲಿದೆ. ದನ ಅಗಿದಾಗ ಎರಡೂ ಸೇರಿ ಸಯನೈಡ್ ಬಿಡುಗಡೆಯಾಗುತ್ತದೆ. ಮೆಕ್ಕೆಜೋಳದಲ್ಲಿ ಅಪಾಯ ಬೇರೆ: ಬರದಲ್ಲಿ ನೈಟ್ರೇಟನ್ನು ಪ್ರೋಟೀನಿನ ಕಡೆ ಸಾಗಿಸುವ ಕಿಣ್ವ ಮಂದವಾಗಿ, ದಂಟಿನ ಬುಡದಲ್ಲಿ ನೈಟ್ರೇಟ್ ಕೂಡಿಕೊಳ್ಳುತ್ತದೆ. ಬರದ ನಂತರ ಮಳೆ ಬಿದ್ದ ಮೊದಲ ಕೆಲವು ದಿನ ಅದು ಇನ್ನೂ ಹೆಚ್ಚು. ಜೋಳವನ್ನು ಚೆನ್ನಾಗಿ ಒಣಗಿಸಿದರೆ ಸಯನೈಡ್ ಕಡಿಮೆಯಾಗುತ್ತದೆ, ನೈಟ್ರೇಟ್ ಒಣಗಿಸಿದರೂ ಹೋಗುವುದಿಲ್ಲ. ಮೆಕ್ಕೆಜೋಳವನ್ನು ಒಂದಡಿ ಬುಡ ಬಿಟ್ಟು ಕೊಯ್ಯಿರಿ, ಮಳೆ ಬಂದಿದ್ದರೆ ಒಂದು ವಾರ ಕಾಯಿರಿ, ಹಸಿದ ದನಕ್ಕೆ ಒಮ್ಮೆಲೇ ಹಾಕಬೇಡಿ.

ಮೇದ ದನ ಏದುಸಿರು ಬಿಟ್ಟು, ತೂರಾಡಿ ಬಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಸಯನೈಡಿನಲ್ಲಿ ರಕ್ತ ಕಡುಗೆಂಪು, ನೈಟ್ರೇಟಿನಲ್ಲಿ ಚಾಕೊಲೇಟ್ ಕಂದು. ಎರಡರ ಚುಚ್ಚುಮದ್ದು ಬೇರೆ ಬೇರೆ. ಸಯನೈಡಿಗೆ ಕೊಡುವ ಸೋಡಿಯಂ ನೈಟ್ರೈಟ್ ನೈಟ್ರೇಟ್ ವಿಷವನ್ನು ಇನ್ನೂ ಕೆಡಿಸುತ್ತದೆ. ಪಶುವೈದ್ಯರೇ ಬೇಕು. ಸಂಚಾರಿ ಪಶು ಚಿಕಿತ್ಸೆಗೆ 1962ಕ್ಕೆ ಕರೆ ಮಾಡಿ.

ಮಳೆ ಬಂತು, ಗಿಡ ಇನ್ನೂ ಚೇತರಿಸಿಲ್ಲ

ನೀರು ಸಿಕ್ಕ ಕೆಲವು ಗಂಟೆಗಳಲ್ಲೇ ಗಿಡ ಎಬಿಎಯನ್ನು ಒಡೆಯಲು ಶುರುಮಾಡುತ್ತದೆ. ಆದರೂ ರಂಧ್ರಗಳು ಪೂರ್ತಿ ತೆರೆಯಲು ಕೆಲವು ದಿನ ಹಿಡಿಯಬಹುದು. ಒಣಗುವಾಗ ನೀರಿನ ನಾಳಗಳಲ್ಲಿ ಗಾಳಿಗುಳ್ಳೆ ಸೇರಿದ್ದರೆ ಅವು ಮತ್ತೆ ತುಂಬಬೇಕು. ಬೆಳಗಿನ ಜಾವ ಎಲೆಯ ತುದಿಯಲ್ಲಿ ಒಳಗಿನಿಂದ ಒಸರಿದ ಹನಿಗಳು ಕಂಡರೆ ಬೇರಿನ ಒತ್ತಡ ಮರಳಿದೆ ಎಂದರ್ಥ. ಮೂರು ನಾಲ್ಕು ದಿನವಾದರೂ ಹೊಸ ಎಲೆ ಮಂಕಾಗಿಯೇ ಇದ್ದರೆ ಸುಳಿ ಸೀಳಿ ನೋಡಿ. ಬೆಳೆಯುವ ಮೊಗ್ಗು ಬಿಳಿಯಾಗಿ ಗಟ್ಟಿಯಿದ್ದರೆ ಗಿಡ ಬದುಕಿದೆ. ಕಂದಾಗಿ ಮೆತ್ತಗಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಒಮ್ಮೆ ಬರ ಕಂಡ ಗಿಡ ಎರಡನೇ ಸಲ ಕೆಲವು ಜೀನ್‌ಗಳನ್ನು ಮೊದಲಿಗಿಂತ ಬಲವಾಗಿ ಎಬ್ಬಿಸುವುದನ್ನು ಅರಬಿಡಾಪ್ಸಿಸ್‌ನಲ್ಲೂ ಮೆಕ್ಕೆಜೋಳದಲ್ಲೂ ಕಂಡಿದ್ದಾರೆ. ಹಾಗಾಗಿ ಮುಂದಿನ ಒಣಹವೆಯಲ್ಲಿ ಎಲೆಯ ವರ್ತನೆ ಬೇರೆ ತರ ಕಂಡರೆ ಗಾಬರಿ ಬೇಡ.

ಇಲ್ಲಿ ನಿಲ್ಲಿಸಿ, ಕೇಳಿ

ಲೋಟದ ಪರೀಕ್ಷೆಯಲ್ಲಿ ಹಾಲಿನ ಎಳೆ ಕಂಡರೆ, ಕಟ್ಟಿಗೆಯಲ್ಲಿ ಕಂದು ಪಟ್ಟೆ ಇದ್ದರೆ, ಬುಡದಲ್ಲಿ ಬೂಸ್ಟಿದ್ದು ದಿನದಿನಕ್ಕೆ ಹರಡುತ್ತಿದ್ದರೆ, ನೀರು ಕೊಟ್ಟ ಮೇಲೂ ಎರಡು ಬೆಳಗ್ಗೆ ಎಲೆ ಬಿಚ್ಚದಿದ್ದರೆ ಮುಂದಿನದು ಪರಿಣತರ ಕೆಲಸ. ಕಾರಣ ತಿಳಿಯದೆ ಬುಡಕ್ಕೆ ವಿಷ ಸುರಿಯಬೇಡಿ. ಹೋಬಳಿಯ ರೈತ ಸಂಪರ್ಕ ಕೇಂದ್ರ ಹತ್ತಿರದ್ದು. ಚಿತ್ರದುರ್ಗ ಜಿಲ್ಲೆಯವರಿಗೆ ಹಿರಿಯೂರಿನ ಬಬ್ಬೂರು ಫಾರಂ, ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇವೆ. ಕಿಸಾನ್ ಕಾಲ್ ಸೆಂಟರ್ ಸಂಖ್ಯೆ 1800-180-1551, ಕನ್ನಡದಲ್ಲೇ ಮಾತಾಡಬಹುದು.

ಪೂರ್ತಿ ಸತ್ತ ಗಿಡ ಒಯ್ಯಬೇಡಿ, ಅದರಲ್ಲಿ ಆಮೇಲೆ ಸೇರಿದ ಬೂಸ್ಟುಗಳೇ ಕಾಣುತ್ತವೆ. ಅರ್ಧ ಬಾಡಿದ್ದೊಂದು, ಚೆನ್ನಾಗಿರುವುದೊಂದು, ಎರಡನ್ನೂ ಬೇರು ಮತ್ತು ಬೇರಿನ ಮಣ್ಣಿನ ಸಮೇತ ಅಗೆದು, ಬೇರನ್ನು ಪ್ಲಾಸ್ಟಿಕ್ ಚೀಲದಲ್ಲೂ ಮೇಲ್ಭಾಗವನ್ನು ಪತ್ರಿಕೆಯಲ್ಲೂ ಸುತ್ತಿ, ಅಂದೇ ತಲುಪಿಸಿ. ಜತೆಗೆ ಒಂದು ಚೀಟಿಯಲ್ಲಿ ಬಿತ್ತಿದ ದಿನ, ತಳಿ, ಕೊನೆಯ ಮಳೆ ಯಾವಾಗ ಬಂತು, ಏನೇನು ಗೊಬ್ಬರ, ಔಷಧ ಹಾಕಿದ್ದೀರಿ, ಬೆಳಗ್ಗೆ ಎಲೆ ಹೇಗಿತ್ತು, ಮಧ್ಯಾಹ್ನ ಹೇಗಿತ್ತು, ದಿಬ್ಬದಲ್ಲಿ ಮೊದಲು ಬಾಡಿತೋ ತಗ್ಗಿನಲ್ಲೋ ಎಂದು ಬರೆದಿಡಿ.